ಕೂಗುವ ಮರಿಯ ದನಿ

ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹೋದ ಸಂಚಿಕೆಯಲ್ಲಿ ನಾವು ಬೈಬಲ್ಲಿನ 88ನೇ ಕೀರ್ತನೆಯ ಮೇಲೆ ಒಂದು ಧ್ಯಾನ ಪ್ರಕಟಿಸಿದ್ದೆವು. ಅದು ಅವರಿಗೆ ಹಿಡಿಸಲಿಲ್ಲ. ಪತ್ರದ ಸಾರ ಇಷ್ಟು: “ಮನೆಮಂದಿಯೆಲ್ಲ ಕೂತು ಓದುವ ಪತ್ರಿಕೆ ನಿಮ್ಮದು. ದೇವರು ನನ್ನನ್ನು ದೂರ ತಳ್ಳಿದ ಎನ್ನುವ ಮಾತು ಅದರಲ್ಲಿ ಯಾಕೆ ಬೇಕಿತ್ತು? 23 ಇದೆ, 91 ಇದೆ, 121 ಇದೆ. ವಿಶ್ವಾಸಿಗೆ ವಾಗ್ದಾನ ಬೇಕು, ಗೋಳು ಬೇಡ.” ಕೊನೆಯಲ್ಲಿ ಇನ್ನೊಂದು ಸಾಲು ಇದೆ. “ನಮ್ಮ ಯಜಮಾನರು ತೀರಿಕೊಂಡು ಏಳು ತಿಂಗಳಾಯಿತು. ದೇವರ ಮುಂದೆ ಇವತ್ತಿನವರೆಗೂ ನಾನು ಒಂದು ಹನಿ ಕಣ್ಣೀರು ಹಾಕಿಲ್ಲ.”

ಅಕ್ಕಾ, ಆ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಈ ಉತ್ತರ ಉದ್ದವಾದರೆ ಅದೇ ಕಾರಣ.

ವಾಗ್ದಾನಗಳು ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಯಲ್ಲಿ ಎತ್ತಿಕೊಂಡ ವಾಗ್ದಾನದ ಕಾರ್ಡುಗಳನ್ನು ನಮ್ಮಮ್ಮ ಬೈಬಲ್ಲಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಅವು ಈಗಲೂ ನನ್ನ ಹತ್ತಿರ ಇವೆ. ಕಷ್ಟದ ದಿನ ಒಂದು ಸಾಲು ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ. ಅದು ಸುಳ್ಳಲ್ಲ.

ಆದರೆ 91ನೇ ಕೀರ್ತನೆಯಿಂದ ಒಂದು ವಾಗ್ದಾನವನ್ನು ಕತ್ತರಿಸಿ ಕೈಯಲ್ಲಿ ಹಿಡಿದು ಬಂದವನು ಯಾರು, ನೆನಪಿದೆಯಾ? ಮತ್ತಾಯನ ನಾಲ್ಕನೇ ಅಧ್ಯಾಯ ತೆಗೆಯಿರಿ. ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಸೈತಾನ ಹೇಳಿದ್ದು ಅದೇ ಕೀರ್ತನೆಯ ಮಾತು. ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ಧುಮುಕು ಎಂದ. ಅದರ ಮುಂದಿನ ವಚನದಲ್ಲಿ ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತಿದೆ. ಅದನ್ನು ಅವನು ಓದಲಿಲ್ಲ. ತನಗೆ ಬೇಕಾದಷ್ಟನ್ನು ಮಾತ್ರ ಓದಿದ. ಈ ಸಂಗತಿ ಹೊಳೆದ ದಿನದಿಂದ ಯಾವ ಕೀರ್ತನೆಯನ್ನೂ ಅರ್ಧಕ್ಕೆ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ.

ಇರುವ 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮೊರೆಯ ಹಾಡುಗಳೇ. 13ನೇ ಕೀರ್ತನೆ ಆರೇ ವಚನದ್ದು. ಅದರಲ್ಲಿ ದಾವೀದ “ಎಷ್ಟರವರೆಗೆ” ಎಂದು ನಾಲ್ಕು ಸಲ ಕೇಳುತ್ತಾನೆ. ನೀವು ಹೇಳಿದ 121 ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎನ್ನುತ್ತದೆ. ಆದರೆ 44ರಲ್ಲಿ ದೇವಾಲಯದ ಗಾಯಕರಾದ ಕೋರಹನ ಮನೆತನದವರು “ಎದ್ದೇಳು ಕರ್ತನೇ, ಯಾಕೆ ನಿದ್ದೆ ಮಾಡ್ತಿದ್ದೀ” ಎಂದು ಕೂಗುತ್ತಾರೆ. ಎರಡೂ ಒಂದೇ ಪುಸ್ತಕದಲ್ಲಿವೆ. ಎರಡನ್ನೂ ಇಸ್ರಾಯೇಲಿನ ಅದೇ ಜನ ಹಾಡಿದರು. ನೀವು ಬೇಡವೆಂದ 88 ಕೂಡ ಕೋರಹನ ಮನೆತನದವರ ಹಾಡು. ಅದರ ತಲೆಬರಹದಲ್ಲಿ ಪ್ರಧಾನ ಗಾಯಕನಿಗೆ ಸೂಚನೆಯೂ ಇದೆ. ಅಂದರೆ ಯಾರೋ ಒಬ್ಬರು ಮೂಲೆಯಲ್ಲಿ ಕೂತು ಗೊಣಗಿದ ಮಾತಲ್ಲ ಅದು. ಸಭೆ ಸೇರಿ ದನಿಯೆತ್ತಿ ಹಾಡಿದ್ದು. ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ ಕತ್ತಲೆ. ಮೊದಲ ಸಾಲನ್ನೂ ನೋಡಿ. “ನನ್ನನ್ನು ರಕ್ಷಿಸುವ ದೇವರೇ” ಎಂದೇ ಆ ಹಾಡು ಕಟ್ಟಿದವನು ಶುರು ಮಾಡುತ್ತಾನೆ. ನಂಬಿಕೆ ಬಿಟ್ಟವನು ಹಗಲೂ ರಾತ್ರಿ ಹಾಗೆ ಕರೆಯುತ್ತಾನಾ?

ಕ್ರಿ.ಶ. 430ರಲ್ಲಿ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣವನ್ನು ವ್ಯಾಂಡಲ್ ಬುಡಕಟ್ಟಿನ ಸೈನ್ಯ ಮುತ್ತಿದ್ದಾಗ ಅಲ್ಲಿನ ಬಿಷಪ್ ಅಗಸ್ಟೀನ್ ಸಾಯುವ ಹಾಸಿಗೆಯಲ್ಲಿದ್ದರು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಮಲಗಿದ ಕಡೆಯಿಂದ ಕಾಣುವ ಹಾಗೆ ಗೋಡೆಗೆ ಅಂಟಿಸಿಕೊಂಡಿದ್ದರು. ಅವನ್ನು ಓದುತ್ತಾ ಅಳುತ್ತಿದ್ದರು ಎಂದು ಅವರ ಜೊತೆಗಿದ್ದ ಪೊಸಿಡಿಯಸ್ ಬರೆದಿಟ್ಟಿದ್ದಾರೆ. ಸಭೆಗೆ ಅಷ್ಟು ಕಲಿಸಿದ ಮನುಷ್ಯ. ಕೊನೆಗೆ ಅವರ ಕಣ್ಣ ಮುಂದೆ ಇದ್ದದ್ದು ಅಳುವ ಹಾಡುಗಳು.

ಈಗ ನಿಮ್ಮ ಪ್ರೀತಿಯ 23ಕ್ಕೇ ಬರುತ್ತೇನೆ. ಅದು ನನಗೂ ಪ್ರೀತಿಯದೇ. “ಯೆಹೋವನು ನನಗೆ ಕುರುಬನು” ಎಂದು ನಮ್ಮ ಬೈಬಲ್ ಹೇಳುತ್ತದೆ. ಕುರುಬ ಎನ್ನುವ ಆ ಮಾತು ನನಗೆ ತುಂಬಾ ಇಷ್ಟ. ಪಾಲಕ, ರಕ್ಷಕ ಎಂದಿದ್ದರೆ ಮರ್ಯಾದೆಯ ಮಾತಾಗುತ್ತಿತ್ತು, ಆದರೆ ಕಂಬಳಿಯ ವಾಸನೆ ಬರುತ್ತಿರಲಿಲ್ಲ. ನಾನು ಬೆಳೆದದ್ದು ರಾಣೆಬೆನ್ನೂರಿನ ಕಡೆ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು, ಗೊಬ್ಬರಕ್ಕೆಂದು. ಕುರುಬರು ಹಿಂಡಿನ ಪಕ್ಕದಲ್ಲೇ ಬಯಲಲ್ಲಿ ಮಲಗುತ್ತಿದ್ದರು. ಒಂದು ಸಂಜೆ ಮರಿಯೊಂದು ಕಾಣೆಯಾಯಿತು. ಹುಡುಗನಾಗಿದ್ದ ನಾನೂ ಹುಡುಕಲು ಹೋದೆ. ಅಜ್ಜ ಒಬ್ಬರು ನಮ್ಮನ್ನೆಲ್ಲ ಸುಮ್ಮನಿರಿಸಿ, ತಲೆ ವಾಲಿಸಿ, ಎಷ್ಟೋ ಹೊತ್ತು ಕಿವಿಗೊಟ್ಟು ನಿಂತರು. ಜಾಲಿಯ ಪೊದೆಯಿಂದ ಸಣ್ಣ ದನಿ ಬಂತು. ನೆಟ್ಟಗೆ ಅಲ್ಲಿಗೇ ನಡೆದು, ಮುಳ್ಳಿಗೆ ಕೈಹಾಕಿ ಎತ್ತಿಕೊಂಡು ಬಂದರು. ಮೊಣಕೈ ತನಕ ರಕ್ತ. “ಒದರೋ ಮರಿ ಸಿಗ್ತೈತಿ ತಮ್ಮಾ. ಸುಮ್ಕ ಕುಂತದ್ದನ್ನ ತೋಳ ಒಯ್ತೈತಿ” ಎಂದರು.

ಆ ಅಜ್ಜನಿಗೆ ಆ ಕೂಗು ಅಪನಂಬಿಕೆ ಅನ್ನಿಸಲಿಲ್ಲ. ತನ್ನನ್ನೇ ಕರೆಯುತ್ತಿದೆ ಎಂದುಕೊಂಡರು.

23ರಲ್ಲಿ ಇನ್ನೊಂದು ವಿಷಯ ಇದೆ. ಮೊದಲ ಮೂರು ವಚನಗಳಲ್ಲಿ ದಾವೀದ ದೇವರ ಬಗ್ಗೆ ಹೇಳುತ್ತಾನೆ. ಆತನು ಮಲಗಿಸುತ್ತಾನೆ, ಆತನು ನಡೆಸುತ್ತಾನೆ. ಹಸಿರು ಹುಲ್ಲು ಇರುವ ತನಕ “ಆತನು”. ಕಾರ್ಗತ್ತಲಿನ ಕಣಿವೆ ಬಂದ ಕೂಡಲೇ ಅದು “ನೀನು” ಆಗುತ್ತದೆ. ನೀನು ಹತ್ತಿರ ಇದ್ದೀಯ, ನಿನ್ನ ಕೋಲು ನನಗೆ ಧೈರ್ಯ. ಕತ್ತಲೆಯಲ್ಲೇ ಅವನು ದೇವರ ಕಡೆಗೆ ಮುಖ ತಿರುಗಿಸಿ ಮಾತಾಡಿದ್ದು. ನೀವು ನೂರಾರು ಸಲ ಹೇಳಿದ ಕೀರ್ತನೆ ಇದು. ಇವತ್ತು ನಿಧಾನವಾಗಿ, ಆ ತಿರುವನ್ನು ಗಮನಿಸಿ ಓದಿ.

ಅದರ ಹಿಂದಿನ ಪುಟದಲ್ಲೇ 22 ಇದೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು ಅದರ ಮೊದಲ ಸಾಲನ್ನು: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ಆತನ ಬಾಯಲ್ಲಿ ಬಂದ ಮಾತು ನಮ್ಮ ಮನೆಯಲ್ಲಿ ಬರಬಾರದು ಎಂದರೆ ನಾನು ಹೇಗೆ ಒಪ್ಪಲಿ?

ನನ್ನ ತಮ್ಮ ತೀರಿಕೊಂಡಾಗ ಅವನಿಗೆ ಮೂವತ್ತೊಂದು. ಮೂರನೇ ದಿನದ ಪ್ರಾರ್ಥನೆಗೆ ಬಂದ ಸಭಾಪಾಲಕರೊಬ್ಬರು ನಮ್ಮಮ್ಮನಿಗೆ, “ಅಳಬೇಡಿ, ಅತ್ತರೆ ಬೇರೆಯವರಿಗೆ ಸಾಕ್ಷಿ ಕೆಡುತ್ತದೆ” ಎಂದರು. ಅಮ್ಮ ಅಳು ನಿಲ್ಲಿಸಿದರು. ಎರಡು ವರ್ಷ ಪ್ರಾರ್ಥನೆಯನ್ನೂ ನಿಲ್ಲಿಸಿದರು. ಅದು ಹೊರಗೆ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಭಾನುವಾರ ತಪ್ಪದೆ ಸಭೆಗೆ ಹೋಗುತ್ತಿದ್ದರು. ಕೊನೆಗೆ ಪಕ್ಕದ ಮನೆಯ ಮುದುಕಿಯೊಬ್ಬರು ಬಂದು, ಏನೂ ಪೀಠಿಕೆ ಹಾಕದೆ 77ನೇ ಕೀರ್ತನೆ ಓದಿದರು. ದೇವರು ದಯೆ ತೋರಿಸುವುದನ್ನೇ ಮರೆತನಾ ಎನ್ನುವ ಸಾಲಿಗೆ ಬಂದಾಗ ಅಮ್ಮ ಅವರ ಕೈ ಹಿಡಿದು, “ಇದು ಬೈಬಲ್ಲಲ್ಲಿ ಇದ್ಯಾ?” ಎಂದು ಕೇಳಿದರು. ಆ ರಾತ್ರಿ ಅವರು ಅಳುವುದು ನನಗೆ ಕೇಳಿಸಿತು. ನಡುನಡುವೆ ದೇವರೊಂದಿಗೆ ಮಾತಾಡುವುದೂ ಕೇಳಿಸಿತು.

ಈಗ ಯಾರ ಮನೆಯಲ್ಲಿ ಸಾವಾದರೂ ಅರ್ಧ ಗಂಟೆಯಲ್ಲಿ ಫೋನಿಗೆ ಹೂವಿನ ಚಿತ್ರದ ಮೇಲೆ ಒಂದು ವಚನ ಬಂದು ಬೀಳುತ್ತದೆ. ಕಳಿಸುವವರಿಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಬಂದು ಪಕ್ಕದಲ್ಲಿ ಕೂರುವವರು ಕಡಿಮೆಯಾಗುತ್ತಿದ್ದಾರೆ. ಸಭೆಯ ಹಾಡುಗಳನ್ನು ಕೇಳಿ. ಜಯ, ಆಶೀರ್ವಾದ, ಚಪ್ಪಾಳೆ. ಕೆಲಸ ಹೋದವನು, ಮಗು ಕಳಕೊಂಡವಳು, ಸಾಲಕ್ಕೆ ಹೊಲ ಬರೆದುಕೊಟ್ಟವನು ಆ ಹಾಡಿನಲ್ಲಿ ಯಾವ ಸಾಲಿಗೆ ದನಿ ಸೇರಿಸಬೇಕು? ಸಾಕ್ಷಿ ಹೇಳಲು ಕರೆಯುವುದು ಕಷ್ಟ ತೀರಿದವರನ್ನೇ. ಕಷ್ಟದ ನಡುವೆ ಇರುವವರಿಗೆ ಮೈಕ್ ಕೊಡುವುದಿಲ್ಲ. ಕನ್ನಡದವರಿಗೆ ಇದು ಹೊಸದೂ ಆಗಬಾರದಿತ್ತು. ದೇವರ ಜೊತೆ ಜಗಳವಾಡಿ, ಹಂಗಿಸಿ ಹಾಡುವುದಕ್ಕೆ ನಮ್ಮ ನಾಡಿನಲ್ಲಿ ನಿಂದಾಸ್ತುತಿ ಎಂಬ ಹೆಸರೇ ಇದೆ. ದಾಸರ ಪದಗಳಲ್ಲಿ ಅದು ಬೇಕಾದಷ್ಟಿದೆ. ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ಆ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದ ಒಬ್ಬ ಮಿಶನರಿಗೆ ಆ ಹಾಡುಗಳ ಬೆಲೆ ತಿಳಿದಿತ್ತು. ನಮ್ಮ ಸಭೆಗಳಲ್ಲಿ ಮಾತ್ರ ಆ ಸಲಿಗೆ ಕಾಣೆಯಾಗಿದೆ. ದೇವರೊಂದಿಗೆ ಮಾತಾಡುವಾಗ ಕಚೇರಿಗೆ ಅರ್ಜಿ ಬರೆಯುವವರ ಹಾಗೆ ಬರೀ ಒಳ್ಳೆಯ ಮಾತು ಆರಿಸುತ್ತೇವೆ.

ಅಕ್ಕಾ, ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ಏಳು ತಿಂಗಳು ಕಣ್ಣೀರು ತಡೆದು ನಿಂತದ್ದು ದೇವರ ಮೇಲಿನ ಗೌರವದಿಂದ ಎಂದು ನನಗೆ ಗೊತ್ತು. ಆದರೆ ಹಾಗೆ ನಿಲ್ಲು ಎಂದು ಆತನು ಕೇಳಲಿಲ್ಲ. 56ನೇ ಕೀರ್ತನೆಯಲ್ಲಿ ದಾವೀದ ತನ್ನ ಕಣ್ಣೀರನ್ನು ನಿನ್ನ ಬುದ್ದಲಿಯಲ್ಲಿ ತುಂಬಿಸಿಡು ಎಂದು ಬೇಡುತ್ತಾನೆ. ಬುದ್ದಲಿ ಎಂದರೆ ತೊಗಲಿನ ಚೀಲ. ಬಿಸಿಲಲ್ಲಿ ನಡೆಯುವವರು ನೀರನ್ನು ಒಂದು ಹನಿ ಚೆಲ್ಲದೆ ಇಟ್ಟುಕೊಳ್ಳುವಂಥದ್ದು. ನಿಮ್ಮ ಪಾಲಿನದು ಅದರಲ್ಲಿ ಇನ್ನೂ ಬಿದ್ದಿಲ್ಲ.

ಇವತ್ತು ರಾತ್ರಿ ಬಾಗಿಲು ಹಾಕಿಕೊಂಡು 88ನ್ನು ದನಿಯೆತ್ತಿ ಓದಿ. ನಡುವೆ ಗಂಟಲು ಕಟ್ಟಿದರೆ ಅಲ್ಲೇ ಬಿಡಿ, ಯಜಮಾನರ ಹೆಸರು ಹೇಳಿ, ಕೇಳಬೇಕಾದ್ದನ್ನು ಕೇಳಿ. ಮುಂದಿನ ತಿಂಗಳು ನಾವು 77ನ್ನು ಹಾಕುತ್ತಿದ್ದೇವೆ. ಅದೂ ಹಿಡಿಸದಿದ್ದರೆ ಮತ್ತೆ ಬರೆಯಿರಿ. ಯಜಮಾನರ ಬಗ್ಗೆಯೂ ಬರೆಯಿರಿ. ಈ ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲು ಇದೆ.