ಕ್ಯಾಸೋವರಿ ಎಮುವಿನ ಹಾಗೆ ಸಾಕುವ ಹಕ್ಕಿಯಲ್ಲ

ಅಣ್ಣಾ, ಶಿರಸಿಯ ನಿಮ್ಮ ತೋಟದ ಮೇಲಿನ ಬೆಟ್ಟಕ್ಕೆ ಬೇಲಿ ಹಾಕಿ ಕ್ಯಾಸೋವರಿ ಸಾಕಬಹುದಾ, ಅದು ಕೊಂಬಿರುವ ಎಮು ತಾನೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಯೋಚನೆ ಬಿಡಿ. ಎಮು ಅದರ ಹತ್ತಿರದ ನಂಟ ಹೌದು, ಎರಡೂ ಹಾರಲಾರದ ದೊಡ್ಡ ಹಕ್ಕಿಗಳೇ, ಆದರೆ ಬದುಕುವ ರೀತಿಯೇ ಬೇರೆ.

ಆಫ್ರಿಕಾದ ಆಸ್ಟ್ರಿಚ್, ದಕ್ಷಿಣ ಅಮೆರಿಕದ ರಿಯಾ, ಆಸ್ಟ್ರೇಲಿಯಾದ ಎಮು ಹೆಚ್ಚಾಗಿ ಬಯಲಿನವು. ಅಪಾಯ ಕಂಡರೆ ಓಡುತ್ತವೆ. ಆಸ್ಟ್ರಿಚ್ ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡಬಲ್ಲದು. ಅದರ ಕಾಲಿಗೆ ಎರಡೇ ಬೆರಳು, ರಿಯಾ, ಎಮು, ಕ್ಯಾಸೋವರಿಗೆ ಮೂರು ಮೂರು. ಕ್ಯಾಸೋವರಿ ನ್ಯೂಗಿನಿ ಮತ್ತು ಆಸ್ಟ್ರೇಲಿಯಾದ ಈಶಾನ್ಯ ಭಾಗದ ಮಳೆಕಾಡಿನದು. ಒಂಟಿಯಾಗಿಯೇ ಇರುತ್ತದೆ. ಹೆಣ್ಣೇ ದೊಡ್ಡದು, 70 ಕಿಲೋವರೆಗೂ ತೂಗಬಹುದು. ಗಂಡು ಸುಮಾರು 50 ದಿನ ಕಾವು ಕೂತು, ಮರಿಗಳನ್ನು ಒಂಬತ್ತು ತಿಂಗಳು ಒಬ್ಬನೇ ನೋಡಿಕೊಳ್ಳುತ್ತದೆ. ಆಗ ಹತ್ತಿರ ಹೋದವರನ್ನು ಅದು ಸುಮ್ನೆ ಬಿಡುವುದಿಲ್ಲ.

ಒಳಬೆರಳಿನ ನೇರ ಉಗುರು 12 ಸೆಂ.ಮೀ.ವರೆಗೂ ಬೆಳೆಯುತ್ತದೆ. ಒಂದೂವರೆ ಮೀಟರ್ ಎತ್ತರಕ್ಕೆ ಹಾರಿ ಒದೆಯುತ್ತದೆ. 2019ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರನ್ನೇ ಕೊಂದಿತು. ಕೈಯಾರೆ ತಿನ್ನಿಸಿದರೆ ಪಳಗುತ್ತದೆ ಅಂದುಕೊಳ್ಳಬೇಡಿ, ಆಗುವುದು ತಿರುಗಾಮುರುಗಾ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮನುಷ್ಯರ ಮೇಲಾದ 150 ದಾಳಿಗಳನ್ನು ಪರಿಶೀಲಿಸಿದ ಅಧ್ಯಯನ 1999ರಲ್ಲಿ ಬಂತು. ನಾಲ್ಕರಲ್ಲಿ ಮೂರು ಪಾಲು ದಾಳಿ ಜನರಿಂದ ತಿಂಡಿ ತಿಂದು ರೂಢಿಯಾದ ಹಕ್ಕಿಗಳದ್ದು! ಎಲ್ಲಾದರೂ ಎದುರಾದರೆ ಬೆನ್ನು ತೋರಿಸಿ ಓಡಬೇಡಿ. ಚೀಲವನ್ನು ಮುಂದೆ ಹಿಡಿದು ನಿಧಾನ ಹಿಂದೆ ಸರಿಯಿರಿ, ಮರದ ಮರೆಗೆ ಹೋಗಿ.

ವಿಡಿಯೋದಲ್ಲಿ ಗುರುತಿಸುವುದು ಸುಲಭ. ಕುತ್ತಿಗೆಯಲ್ಲಿ ಎರಡು ಕೆಂಪು ಜೋಲು ತೊಗಲಿದ್ದರೆ ದಕ್ಷಿಣದ ಜಾತಿ, ಒಂದಿದ್ದರೆ ಉತ್ತರದ್ದು, ಇಲ್ಲದಿದ್ದರೆ ಕುಳ್ಳ ಜಾತಿ. ತಲೆಯ ಕೊಂಬು ಸೆಕೆಯಲ್ಲಿ ಮೈಬಿಸಿ ಹೊರಹಾಕಲು ನೆರವಾಗುತ್ತದೆ ಎಂದು 2019ರ ಅಧ್ಯಯನವೊಂದು ತೋರಿಸಿದೆ.

ನನಗೆ ಈ ಹಕ್ಕಿಯ ಮೇಲೆ ಪ್ರೀತಿ ಜಾಸ್ತಿ ಆಗಿದ್ದು ಅದರ ಊಟದಿಂದ. ಬಿದ್ದ ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ಹಿಕ್ಕೆಯ ಜೊತೆ ದೂರ ಹಾಕುತ್ತದೆ. ದೊಡ್ಡ ಬೀಜದ ಎಷ್ಟೋ ಮರಗಳಿಗೆ ಇದೇ ಮುಖ್ಯ ಆಸರೆ. ದಾಂಡೇಲಿ ಕಾಡಿನಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಮಾಡುವ ಕೆಲಸವನ್ನೇ ಇದು ಅಲ್ಲಿ ನಡೆದುಕೊಂಡು ಮಾಡುತ್ತದೆ. ಇಂಥದ್ದನ್ನು ಬೇಲಿಯೊಳಗೆ ಕೂಡಿಹಾಕಿದರೆ ಹಕ್ಕಿಗೂ ಸುಖವಿಲ್ಲ, ನಿಮಗೂ ಇಲ್ಲ.

ಬೆಟ್ಟದಲ್ಲಿ ಜಾಗ ಇದೆಯಲ್ವಾ, ಮಂಗಟ್ಟೆಗಳು ಬರುವಂತೆ ರಾಮಪತ್ರೆ, ಅತ್ತಿ, ಗೋಳಿ ಹಾಕಿ. ಹಳೆಯ ಪೊಟರೆ ಮರಗಳಿದ್ದರೆ ಕಡಿಯಬೇಡಿ, ಮಂಗಟ್ಟೆ ಗೂಡು ಮಾಡುವುದು ಅಲ್ಲೇ. ರಾಮಪತ್ರೆ ಬೀಜ ಒಣಗಿದರೆ ಮೊಳೆಯುವುದಿಲ್ಲ, ಹಣ್ಣು ಬಿರಿದು ಬಿದ್ದ ಕೂಡಲೇ ಪಾತಿಗೆ ಹಾಕಿ.