ನಮ್ಮ ಕಡೆಯ ಇತಿಹಾಸದಲ್ಲಿ ತಾರೀಖು ಹಾಕಿ ನೆನೆಯುವಂಥ ದಿನಗಳು ಯಾವುವು?

ನೀವು ಕೇಳಿರುವುದು ಇದು: ನಿಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಅಂತ ಮಕ್ಕಳಿಂದ ಓದಿಸುತ್ತೀರಿ. ಸಿಗುವುದೆಲ್ಲ ದೆಹಲಿ, ಲಂಡನ್, ಅಮೆರಿಕದ ಸಂಗತಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯದ್ದು ಏನಾದರೂ ಇದೆಯಾ?

ಇದೆ, ಬೇಕಾದಷ್ಟಿದೆ. ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಇಂಥ ತಾರೀಖುಗಳನ್ನು ಒಂದು ಹಳೇ ಡೈರಿಯಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಅದರಿಂದಲೇ ತೆಗೆದು ಹೇಳುತ್ತೇನೆ. ತಿಂಗಳ ಸಾಲಿನಲ್ಲಿ ಹೇಳುತ್ತಿಲ್ಲ, ನನಗೆ ಮುಖ್ಯ ಅನಿಸಿದ್ದು ಮೊದಲು.

ಮೊದಲನೆಯದು ಏಪ್ರಿಲ್ 25. 1938ರ ಆ ದಿನ ನಮ್ಮ ಪಕ್ಕದ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಅದೇ ತಿಂಗಳು ಸ್ವಲ್ಪ ಮುಂಚೆ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಧ್ವಜ ಸತ್ಯಾಗ್ರಹ ಮಾಡಿದ್ದರು. ಅದರ ಬಿಸಿ ನಮ್ಮ ಕಡೆಗೂ ಬಂತು. ಸಭೆ ಸೇರಬಾರದು, ಬಾವುಟ ಹಾರಿಸಬಾರದು ಅಂತ ಮೈಸೂರು ಸರ್ಕಾರದ ಆಜ್ಞೆ ಇತ್ತು. ಸುತ್ತಮುತ್ತಲ ಹಳ್ಳಿಗಳಿಂದ ಸಾವಿರಾರು ಜನ ಬಂದು ಸೇರಿಯೇಬಿಟ್ಟರು. ಪೊಲೀಸರು ಗುಂಡು ಹಾರಿಸಿದರು. 32 ಜನ ಸತ್ತರು ಅನ್ನುವುದು ನಮ್ಮ ಕಡೆ ಎಲ್ಲರೂ ಹೇಳುವ ಲೆಕ್ಕ. ಆಗಿನ ಸರ್ಕಾರ ಕೊಟ್ಟ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಮಕ್ಕಳಿಗೆ ಹೇಳುವಾಗ ಎರಡನ್ನೂ ಹೇಳಿ. ಲೆಕ್ಕ ಯಾಕೆ ಬೇರೆ ಬೇರೆ ಅಂತ ಅವರೇ ಕೇಳುತ್ತಾರೆ. ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಆಮೇಲಿನದ್ದೂ ಅಷ್ಟೇ ಮುಖ್ಯ. ಸುದ್ದಿ ದೇಶವೆಲ್ಲ ಹಬ್ಬಿತು. ಗಾಂಧೀಜಿ ಕಡೆಯಿಂದ ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಮೈಸೂರು ಸೀಮೆಗೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ಆಯಿತು. ಮೈಸೂರು ಬಾವುಟದ ಪಕ್ಕದಲ್ಲೇ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಯಾವುದಕ್ಕೆ ಜನ ಪ್ರಾಣ ಕೊಟ್ಟರೋ ಅದಕ್ಕೆ ಕೆಲವೇ ವಾರಗಳಲ್ಲಿ ಅನುಮತಿ ಸಿಕ್ಕಿತು. ಇದನ್ನು ಪ್ರತಿ ಸಲ ಕ್ಲಾಸಿನಲ್ಲಿ ಹೇಳುವಾಗಲೂ ನನ್ನ ಗಂಟಲು ಕಟ್ಟುತ್ತದೆ.

ಜಾಗ ನೋಡಿದ್ದೀರಾ? ವಿದುರ ನೆಟ್ಟಿದ್ದು ಅಂತ ನಂಬಿದ್ದ ಅರಳಿಮರ 2001ರಲ್ಲಿ ಉರುಳಿಬಿತ್ತು. ಸುತ್ತ ಸಾವಿರಾರು ನಾಗರಕಲ್ಲುಗಳಿವೆ. ಒಂದಕ್ಕೊಂದು ಒರಗಿ ನಿಂತಿವೆ. ಕೆಲವಕ್ಕೆ ಬೆಳಿಗ್ಗೆ ಹಚ್ಚಿದ ಅರಿಶಿನ ಇನ್ನೂ ಹಸಿಯಾಗಿರುತ್ತದೆ, ಕೆಲವು ಮುಖ ಸವೆದು ಬರೀ ಕಲ್ಲಾಗಿವೆ. ಜನ ಪೂಜೆ ಮುಗಿಸಿ, ಹಣ್ಣುಕಾಯಿ ಚೀಲ ಹಿಡಿದು ಬಸ್ಸು ಹತ್ತುತ್ತಾರೆ. ಅಲ್ಲೇ ಹತ್ತಿರ ವೀರಸೌಧ ಇದೆ, ಹುತಾತ್ಮರ ಸ್ಮಾರಕ ಇದೆ. ಅತ್ತ ಹೋಗುವವರು ಕಡಿಮೆ. ನಾನೂ ಚಿಕ್ಕವನಿದ್ದಾಗ ಅಮ್ಮನ ಜೊತೆ ನಾಗರಪೂಜೆಗೆ ಎಷ್ಟೋ ಸಲ ಹೋಗಿದ್ದೆ, ಗುಂಡಿನ ವಿಷಯ ಯಾರೂ ಹೇಳಿರಲಿಲ್ಲ.

ನಿಮಗೆ ಇಲ್ಲೊಂದು ತೊಂದರೆ ಬರುತ್ತದೆ. ಏಪ್ರಿಲ್ 25ಕ್ಕೆ ಶಾಲೆಗೆ ಬೇಸಿಗೆ ರಜೆ. ಪ್ರಾರ್ಥನೆಯೂ ಇಲ್ಲ, ಬೋರ್ಡೂ ಇಲ್ಲ. ನಮ್ಮ ಜಿಲ್ಲೆಯ ಇಷ್ಟು ದೊಡ್ಡ ದಿನ ಮಕ್ಕಳ ಕಣ್ಣಿಗೆ ಬೀಳದೆ ಹೋಗುವುದು ಹೀಗೆ. ನಾವು ಏನು ಮಾಡುತ್ತೇವೆ ಅಂತ ಕೊನೆಗೆ ಹೇಳುತ್ತೇನೆ.

ಶಾಲೆ ಶುರುವಾದ ಕೂಡಲೇ ಸಿಗುವ ಒಳ್ಳೇ ದಿನ ಜೂನ್ 6. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡಿದ್ದು 1986ರ ಜೂನ್ 6. ತೊಂಬತ್ತೈದು ವರ್ಷ ತುಂಬಿದ ದಿನವೇ ಹೋದರು. ಅವರ ಹೆಸರಿನಲ್ಲಿರುವ ಮಾಸ್ತಿ ಊರು ಮಾಲೂರು ತಾಲ್ಲೂಕಿನಲ್ಲಿದೆ. ಅದೇ ಜೂನ್ 6ರಂದು, 1920ರಲ್ಲಿ, ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಎಚ್. ನರಸಿಂಹಯ್ಯ ಹುಟ್ಟಿದರು. ಬಡವರ ಮನೆಯ ಹುಡುಗ. ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಮಾತನ್ನು ಕನ್ನಡಕ್ಕೆ ಅನುವಾದಿಸಿದ ಹುಡುಗ ಇವರೇ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಕಾಲೇಜು ತಂದರು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಅಪ್ಪಂದಿರು ನಮ್ಮ ಮಕ್ಕಳಿಗಿದ್ದಾರೆ. ಆ ದಾರಿಯನ್ನು ಕಾಲಲ್ಲಿ ಅಳೆದವರೊಬ್ಬರು ಇದ್ದರು ಅಂದರೆ ಒಂದು ಕ್ಷಣ ಕ್ಲಾಸು ಸದ್ದಿಲ್ಲದೆ ಕೂರುತ್ತದೆ.

ಕೋಲಾರದ ಕಡೆಗೆ ಬಂದರೆ ಕೆಜಿಎಫ್ ಬಿಡುವಂತಿಲ್ಲ. ಅದಕ್ಕೆ ಎರಡು ತಾರೀಖು ಇಟ್ಟುಕೊಳ್ಳಿ. 1902ರ ಜೂನ್ 30ರಂದು ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. 92 ಮೈಲಿ ದೂರದಿಂದ ತಂತಿ ಎಳೆದು ತಂದಿದ್ದು, ಆಗಿನ ಕಾಲಕ್ಕೆ ಪ್ರಪಂಚವೇ ತಿರುಗಿ ನೋಡುವಂಥ ಕೆಲಸ. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದಿದ್ದು 1905ರ ಆಗಸ್ಟಿನಲ್ಲಿ. ಅಂದರೆ ರಾಜಧಾನಿಗಿಂತ ಮೂರು ವರ್ಷ ಮೊದಲೇ ಗಣಿಗೆ ಬಂದಿತ್ತು. ಇನ್ನೊಂದು ತಾರೀಖು 2001ರ ಫೆಬ್ರವರಿ 28, ಗಣಿ ಮುಚ್ಚಿದ ದಿನ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳಕ್ಕೆ ಇಳಿದಿತ್ತು.

ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರು ಅಲ್ಲಿನವರು. ಅವರ ಅಪ್ಪ ಗಣಿಯಲ್ಲಿದ್ದರು. ಮನೆಯಲ್ಲಿ ಗಡಿಯಾರ ಇದ್ದರೂ ಅಮ್ಮ ಅದನ್ನು ನೋಡುತ್ತಿರಲಿಲ್ಲವಂತೆ. ಶಿಫ್ಟಿನ ಸೈರನ್ ಕೇಳಿದರೆ ಅನ್ನಕ್ಕೆ ಇಡಬೇಕು, ಇನ್ನೊಂದು ಸೈರನ್ ಆದರೆ ಮಕ್ಕಳನ್ನು ಎಬ್ಬಿಸಬೇಕು. ಗಣಿ ಮುಚ್ಚಿದ ಮೇಲೆ ಎಷ್ಟೋ ದಿನ ಅಮ್ಮ ಬೆಳಗಿನ ಜಾವ ಎದ್ದು ಸುಮ್ನೆ ಅಡುಗೆಮನೆಯಲ್ಲಿ ಕೂತಿರುತ್ತಿದ್ದರು ಅಂತ ಹೇಳಿದರು. ಈಗ ಅಲ್ಲಿನ ಎಷ್ಟೋ ಜನ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಕ್ಯಾಲೆಂಡರಿನಲ್ಲಿ ಗಣಿ ಮುಚ್ಚಿದ ಫೆಬ್ರವರಿ 28ರ ಮರುದಿನ ಮಾರ್ಚ್ 1. 2018ರ ಆ ದಿನ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೋಲಾರ್ ಪಾರ್ಕ್ ಉದ್ಘಾಟನೆ ಆಯಿತು. ಸುಮಾರು 13,000 ಎಕರೆ. ರೈತರಿಂದ ಜಮೀನು ಕೊಂಡುಕೊಂಡಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಮಳೆ ಕಾಣದ ತಾಲ್ಲೂಕಿನ ಬಿಸಿಲು ಹಣವಾಯಿತು. ಜಮೀನಿಲ್ಲದ ಕೂಲಿಯವರಿಗೆ ಅದರಿಂದ ಏನು ಸಿಕ್ಕಿತು ಅನ್ನುವುದನ್ನೂ ಕೇಳಿಸಿ.

ತುಮಕೂರಿಗೆ ಜನವರಿ 21 ಇದ್ದೇ ಇದೆ. 2019ರಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ದಿನ. ಆಗ ಅವರಿಗೆ 111 ವರ್ಷ. ಬೆಳಿಗ್ಗೆಯೇ ಪ್ರಾಣ ಹೋಗಿದ್ದರೂ ಮಠದ ಮಕ್ಕಳ ಮಧ್ಯಾಹ್ನದ ಊಟ ಆಗುವವರೆಗೆ ಸುದ್ದಿ ಹೇಳಲಿಲ್ಲ, ಅದು ಅವರದೇ ಆಸೆಯಾಗಿತ್ತು. ಮಕ್ಕಳಿಗೆ ಬೇರೆ ಏನೂ ವಿವರಿಸಬೇಕಿಲ್ಲ, ಇದೊಂದು ಹೇಳಿ ಸಾಕು. ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವವರಿಗೆ ತಾನಾಗಿ ಅರ್ಥವಾಗುತ್ತದೆ.

ಇನ್ನು ಚುಟುಕಾಗಿ: ಡಿ.ವಿ.ಜಿ. ಮುಳಬಾಗಿಲಿನಲ್ಲಿ ಹುಟ್ಟಿದ್ದು 1887ರ ಮಾರ್ಚ್ 17. ಟಿಪ್ಪುವಿನ ಕೈಯಲ್ಲಿದ್ದ ನಂದಿದುರ್ಗ ಇಂಗ್ಲಿಷರ ವಶವಾಗಿದ್ದು 1791ರ ಅಕ್ಟೋಬರ್ 19. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿದ್ದು 1947ರ ಅಕ್ಟೋಬರ್ 25.

ಒಂದು ದಿನವನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆರೋಪಿಗಳೆಲ್ಲ ಕೋರ್ಟಿನಲ್ಲಿ ಖುಲಾಸೆಯಾದರು. ಚಿಕ್ಕ ಮಕ್ಕಳಿಗೆ ಬೇಡ, ಒಂಬತ್ತು–ಹತ್ತನೇ ಕ್ಲಾಸಿನವರಿಗೆ ಹೇಳಲೇಬೇಕು. ಹುಟ್ಟುಹಬ್ಬ, ಉದ್ಘಾಟನೆ ಮಾತ್ರ ಬರೆದರೆ ಅದು ಇತಿಹಾಸ ಹೇಗಾಗುತ್ತದೆ?

ಹುಡುಕುವಾಗ ಎರಡು ವಿಷಯ ನೆನಪಿರಲಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೂ ಹಿಂದಿನದ್ದೆಲ್ಲ ಕೋಲಾರ ಜಿಲ್ಲೆ ಅಂತಲೇ ದಾಖಲೆಯಲ್ಲಿರುತ್ತದೆ. ಆಮೇಲೆ, ಇಸವಿ ಬರೆಯುವ ಮುಂಚೆ ಎರಡು ಕಡೆ ನೋಡಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಸೆಪ್ಟೆಂಬರ್ 15ರ ಬಗ್ಗೆ ತಕರಾರಿಲ್ಲ. ಇಸವಿ ಮಾತ್ರ ಕೆಲವು ಕಡೆ 1860, ಕೆಲವು ಕಡೆ 1861. ಗಟ್ಟಿಯಾಗುವವರೆಗೆ ಬರೀ ದಿನ ಬರೆಯಿರಿ.

ಈಗ ಏಪ್ರಿಲ್ 25ರ ವಿಷಯ. ರಜೆ ಬಿಡುವ ಕೊನೆಯ ದಿನ, ಫಲಿತಾಂಶ ಹೇಳಿದ ಮೇಲೆ, ಬೋರ್ಡಿನಲ್ಲಿ ಆ ತಾರೀಖನ್ನು ಮುಂಚಿತವಾಗಿಯೇ ಬರೆದುಬಿಡುತ್ತೇವೆ. ವಿದುರಾಶ್ವತ್ಥಕ್ಕೆ ರಜೆಯಲ್ಲಿ ಯಾರ ಮನೆಯವರು ಹೋಗುತ್ತಾರೆ ಅಂತ ಕೇಳುತ್ತೇನೆ. ಯಾವಾಗಲೂ ಐದಾರು ಕೈ ಮೇಲೇಳುತ್ತವೆ. ಪೂಜೆ ಮುಗಿದ ಮೇಲೆ ಸ್ಮಾರಕದ ಹತ್ತಿರ ಹೋಗಿ, ನಿಮಗೆ ನೆನಪಿಟ್ಟುಕೊಳ್ಳಲು ಆಗುವಷ್ಟು ಹೆಸರು ಬರೆದುಕೊಂಡು ಬನ್ನಿ ಅಂತ ಹೇಳಿ ಕಳಿಸುತ್ತೇನೆ. ಜೂನಿನಲ್ಲಿ ಶಾಲೆ ತೆರೆದಾಗ ಕೆಲವರು ಅಂಗೈಯಗಲದ ಚೀಟಿ ತರುತ್ತಾರೆ, ಕುಂಕುಮದ ಕಲೆ ಹತ್ತಿರುತ್ತದೆ. ಮೊದಲ ದಿನದ ಪ್ರಾರ್ಥನೆಯಲ್ಲಿ ಅದನ್ನೇ ಓದಿಸುತ್ತೇನೆ.