ಚಾವಡಿ ಕೆಡವುವ ಅವಸರ ಯಾಕೆ?

ಜಮಖಂಡಿ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: 'ನಮ್ಮೂರ ಚಾವಡಿ ಸೋರುತ್ತಿದೆ. ಸಿಮೆಂಟ್ ಗಿಲಾವು ಮಾಡಿಸಿದರೂ ಹಿಂದಿನ ಗೋಡೆ ಬಿರುಕು ಬಿಟ್ಟಿದೆ. ಕೆಡವಿ ಸಮುದಾಯ ಭವನ ಕಟ್ಟೋಣ ಅಂದರೆ ನನ್ನ ಕೈಯಲ್ಲೇ ಕಲಿತ ನಾಲ್ಕು ಹುಡುಗರು ಅಡ್ಡ ಬಂದಿದ್ದಾರೆ. ಅವರಿಗೆ ಬುದ್ಧಿ ಹೇಳಿ.'

ಮಾಸ್ತರರೇ, ನಿಮ್ಮ ಕೈಯಲ್ಲಿ ಕಲಿತವರಾದರೆ ಚೆನ್ನಾಗಿಯೇ ಕಲಿಸಿದ್ದೀರಿ! ಮದುವೆ-ಮುಂಜಿಗೆ ದೊಡ್ಡ ಜಾಗ ಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ಒಪ್ಪುತ್ತೇನೆ. ಚಾವಡಿ ಕಟ್ಟೆ ಹತ್ತಲು ಎಲ್ಲ ಜಾತಿಯವರನ್ನೂ ಬಿಡುತ್ತಿರಲಿಲ್ಲ ಎಂಬುದೂ ನಿಜ. ಭವನ ಕಟ್ಟಿ, ಬೇರೆ ಜಾಗ ನೋಡಿ ಕಟ್ಟಿ.

ಗೌಡರು, ಕುಲಕರ್ಣಿಯವರು ಕೂತು ಕಂದಾಯದ ಲೆಕ್ಕ ಬರೆದದ್ದು, ಪಂಚರು ಜಗಳ ಬಗೆಹರಿಸಿದ್ದು ಚಾವಡಿಯಲ್ಲೇ. 1961ರ ಕಾಯ್ದೆ ವಂಶಪರಂಪರೆಯ ಗೌಡಕಿ, ಕುಲಕರ್ಣಿಕಿ ತೆಗೆಯಿತು. ಒಳ್ಳೆಯದೇ ಆಯಿತು. ಆದರೆ ಚಾವಡಿಗೆ ಹೇಳುವವರು ಕೇಳುವವರು ಇಲ್ಲವಾದರು. ಮಳೆಗಾಲಕ್ಕೆ ಮೊದಲು ಮಣ್ಣಿನ ಮಾಳಿಗೆ ಹತ್ತಿ ಸವುಳು ಮಣ್ಣು ಹಾಕಿ ಬಡಿಯದಿದ್ದರೆ ಸೋರದೆ ಇನ್ನೇನು?

ಇನ್ನು ಆ ಗಿಲಾವು. ಕಲ್ಲು-ಮಣ್ಣಿನ ಗೋಡೆ ನೆಲದಿಂದ ಹಸಿ ಎಳೆಯುತ್ತದೆ, ಮೈಯಿಂದ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟ್ ಕಟ್ಟಿಹಾಕುತ್ತದೆ. ಒಳಗೇ ಕೂತ ಹಸಿಗೆ ಮಣ್ಣು ಸಡಿಲಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ, ಗೆದ್ದಲು ಬರುತ್ತದೆ. ಕೆಳಗೆ ಎರೆ ಮಣ್ಣಿದ್ದರೆ ಕೇಳುವುದೇ ಬೇಡ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ನೆಲ ಅದು. ಸುಣ್ಣ ಒಂಚೂರು ತಾಳಿಕೊಳ್ಳುತ್ತದೆ, ಸಿಮೆಂಟ್ ಸೀಳುತ್ತದೆ. ವಿಜಯಪುರ ನಿಮಗೆ ದೂರವೇನಲ್ಲ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ. ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಆ ಗುಮ್ಮಟ ಇಟ್ಟಿಗೆ, ಸುಣ್ಣದ ಗಚ್ಚಿನದು. ಇಂದಿಗೂ ನಿಂತಿದೆ.

ರಾಮದುರ್ಗ ಕಡೆ ವಯಸ್ಸಾದ ಗೌಂಡಿಯೊಬ್ಬರು ಗಾರೆ ಅರೆಯುವುದನ್ನು ನೋಡಿದ್ದೇನೆ. ಕರಣಿಯಲ್ಲಿ ಒಂದಿಷ್ಟು ಎತ್ತಿ ತಲೆಕೆಳಗು ಮಾಡಿದರು. ಗಾರೆ ಜಾರಲಿಲ್ಲ. 'ಈಗ ಹದಕ್ಕ ಬಂತ್ರಿ' ಅಂದರು. ಅವರ ಮಗ ಟೈಲ್ಸ್ ಕೆಲಸಕ್ಕೆ ಪುಣೆಗೆ ಹೋಗಿದ್ದಾನೆ. ಹೋಗದೆ ಏನು ಮಾಡಬೇಕು? ನಾನು ನೋಡಿದ ಅಂದಾಜುಪಟ್ಟಿಗಳಲ್ಲಿ ಸುಣ್ಣದ ಕೆಲಸಕ್ಕೆ ಒಂದು ಸಾಲೂ ಇರಲಿಲ್ಲ. ಹೊಸ ಕಟ್ಟಡಕ್ಕೆ ಓಡಾಡಿ ಅನುದಾನ ತರುತ್ತಾರೆ, ದುರಸ್ತಿ ಅಂದರೆ ಮುಖ ತಿರುಗಿಸುತ್ತಾರೆ. ರಸ್ತೆ ಅಗಲ ಮಾಡಲು ಊರ ಅಗಸಿ ಕೆಡವಿದೆವು. ಬಾವಿ ಮುಚ್ಚಿದೆವು. ವಾಡೆಗಳ ಕೆತ್ತನೆಯ ಕಂಬಗಳನ್ನು ಕಟ್ಟಿಗೆ ಲೆಕ್ಕದಲ್ಲಿ ಮಾರಿದೆವು. ಇನ್ನೂ ಎಷ್ಟು ಕೆಡವಬೇಕು?

ಒಂದು ಕೆಲಸ ಮಾಡಿ. ಆ ಹುಡುಗರನ್ನು ಕರೆಯಿರಿ. ಗೌಂಡಿಯನ್ನು ಮುಂದಿಟ್ಟುಕೊಂಡು ತೊಲೆಗೆ ಆಸರೆ ಕೊಡಿಸಿ, ಸಿಮೆಂಟ್ ಬಿಡಿಸಿ, ಗೋಡೆ ಒಂದು ಬೇಸಿಗೆ ಒಣಗಲಿ. ಆಮೇಲೆ ಏನಾಯಿತು ಅಂತ ನನಗೆ ಬರೆಯಿರಿ.

– ಸಂ.